ಇಷ್ಟು ಚಿಕ್ಕ ಚಕ್ರಕ್ಕೆ 300 ರೂಪಾಯಿನಾ?

ಪೀಣ್ಯದ ನಮ್ಮ ಶೆಡ್ಡಿಗೆ ಯಾರೇ ಬರಲಿ, ಹತ್ತು ನಿಮಿಷದೊಳಗೆ ಈ ಮಾತು ಬಂದೇ ಬರುತ್ತದೆ. ನಾವು ಮಾಡುವುದು ಮಾಡೆಲ್ ರೈಲು ಎಂಜಿನ್‌ಗಳ ಬಿಡಿಭಾಗ. ಚಕ್ರ, ಆಕ್ಸಲ್, ಗೇರ್, ಹಾರ್ನ್, ಹ್ಯಾಂಡ್‌ರೈಲ್ ಇಂಥವು. ಹೆಚ್ಚಿನವು ಎಚ್‌ಓ ಸ್ಕೇಲ್‌ನವು, ಅಂದರೆ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಭಾಗ. ಆಕ್ಸಲ್ ಸಮೇತ ಒಂದು ಜೊತೆ ಚಕ್ರಕ್ಕೆ 300 ರೂಪಾಯಿ. ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ಹಿತ್ತಾಳೆ ತೂಕಕ್ಕೆ ಹಾಕಿದ್ರೆ ಹತ್ತು ರೂಪಾಯಿನೂ ಬರಲ್ವಲ್ಲ ಸಾರ್" ಅನ್ನುತ್ತಾರೆ. ತೂಕದ ಲೆಕ್ಕ ಸರಿಯಾಗಿಯೇ ಇದೆ. ದುಡ್ಡು ಹೋಗುವುದು ಬೇರೆ ಕಡೆ.

ನಿಜವಾದ ಡ್ರಾಯಿಂಗ್ ತಗೊಂಡು ಎಲ್ಲ ಅಳತೆಯನ್ನೂ 87ರಿಂದ ಭಾಗಿಸಿ ಮಷೀನಿಗೆ ಕೊಟ್ಟರೆ ಆಯ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ರೈಲ್ವೆಯ ಹಳೇ ಡೀಸೆಲ್ ಡಬ್ಲ್ಯುಡಿಎಂ-2 ಎಂಜಿನ್ನನ್ನೇ ತಗೊಳ್ಳಿ. ಅದರ ಹೊಸ ಚಕ್ರದ ವ್ಯಾಸ 1092 ಮಿ.ಮೀ. ಭಾಗಿಸಿದರೆ ಹನ್ನೆರಡೂವರೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಚಕ್ರ ಹಳಿಯಿಂದ ಜಾರದಂತೆ ಒಳಬದಿಯಲ್ಲಿ ಒಂದು ಅಂಚು ಇರುತ್ತಲ್ಲ, ಫ್ಲ್ಯಾಂಜ್ ಅನ್ನುತ್ತಾರೆ, ಅಲ್ಲಿ ಲೆಕ್ಕ ಕೈಕೊಡುತ್ತದೆ. ನಿಜವಾದ ಫ್ಲ್ಯಾಂಜ್ 28.5 ಮಿ.ಮೀ. ಎತ್ತರ. ಭಾಗಿಸಿದರೆ 0.33. ಆ ಚಕ್ರವನ್ನು ಮನೆಯ ಟೇಬಲ್ ಮೇಲಿನ ಹಳಿಯಲ್ಲಿ ಬಿಟ್ಟರೆ ಮೊದಲ ತಿರುವಿನಲ್ಲೇ ಹೊರಗೆ.

ಯಾಕಂದ್ರೆ ಮನೆಯಲ್ಲಿ ನಾವು ಹಾಕುವ ತಿರುವು ಅಷ್ಟು ಬಿಗಿ. 18 ಇಂಚಿನ ತ್ರಿಜ್ಯ ಸಾಮಾನ್ಯ. ಅದನ್ನು 87ರಿಂದ ಗುಣಿಸಿದರೆ ಸುಮಾರು 40 ಮೀಟರ್. ನಮ್ಮ ಬ್ರಾಡ್‌ಗೇಜ್‌ನಲ್ಲಿ 175 ಮೀಟರಿಗಿಂತ ಬಿಗಿಯಾದ ತಿರುವು ಹಾಕುವಂತಿಲ್ಲ. ಇದಕ್ಕೇ ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಒಂದು ಚಕ್ರದ ಆಕಾರವನ್ನು ಗೊತ್ತುಮಾಡಿದೆ. ಹೆಸರು ಆರ್‌ಪಿ-25. ನಾವು ಮಾಡುವ ಅಗಲದ ಚಕ್ರಕ್ಕೆ ಅದರ ಪ್ರಕಾರ ಫ್ಲ್ಯಾಂಜ್ 0.64 ಮಿ.ಮೀ., ಚಕ್ರದ ಅಗಲ 2.8. ಎರಡೂ ನಿಜವಾದ ಅನುಪಾತದ ಹತ್ತಿರ ಹತ್ತಿರ ಎರಡರಷ್ಟು. ಕಣ್ಣಿಗೆ ಚಿಕ್ಕದಾಗಿ ಕಾಣಬೇಕು, ಹಳಿಯಲ್ಲಿ ನಿಲ್ಲಲೂ ಬೇಕು.

ಆ ಆಕಾರದಲ್ಲಿ ಮುಖ್ಯವಾದದ್ದು ಫ್ಲ್ಯಾಂಜ್ ಮತ್ತು ಚಕ್ರದ ಮೈ ಸೇರುವ ಮೂಲೆ. ಅಲ್ಲಿ ಸಣ್ಣ ದುಂಡಗಿನ ತಿರುವು ಇರಬೇಕು. ಮೂಲೆ ಚೂಪಾದರೆ ಚಕ್ರ ಹಳಿಯನ್ನು ಹತ್ತಿಬಿಡುತ್ತದೆ. ಚಕ್ರ ಕಡೆಯುವ ಲೇತ್ ಮಷೀನಿನ ಟೂಲ್ ಸ್ವಲ್ಪ ಮೊಂಡಾದರೂ ಆ ತಿರುವು ಕೆಡುತ್ತದೆ, ಬರಿಗಣ್ಣಿಗೆ ಕಾಣಿಸುವುದಿಲ್ಲ. ಅದಕ್ಕೇ ನಡುನಡುವೆ ಒಂದು ಚಕ್ರ ಎತ್ತಿ ಭೂತಗನ್ನಡಿಯಲ್ಲಿ ನೋಡುತ್ತಲೇ ಇರಬೇಕು.

ಇನ್ನು ಕರೆಂಟು. ಮಾಡೆಲ್ ರೈಲಿಗೆ ಕರೆಂಟು ಬರುವುದು ಎರಡೂ ಹಳಿಗಳಿಂದ. ಎರಡು ಚಕ್ರ, ಆಕ್ಸಲ್ ಎಲ್ಲವೂ ಲೋಹವಾದರೆ ಹಳಿಗೆ ಇಟ್ಟ ಕೂಡಲೇ ಶಾರ್ಟ್. ಡೀಸೆಲ್ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಆಕ್ಸಲ್ಲನ್ನೇ ಎರಡು ತುಂಡು ಮಾಡಿ, ನಡುವೆ ಪ್ಲಾಸ್ಟಿಕ್ ಗೇರಿಗೆ ಎರಡೂ ಕಡೆಯಿಂದ ಪ್ರೆಸ್ ಮಾಡಿರುತ್ತಾರೆ. ಹಳೇ ಮಾಡೆಲ್‌ಗಳ ದೊಡ್ಡ ಕಾಯಿಲೆ ಇಲ್ಲೇ ಇರುವುದು. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಒಳಗಿನ ಆಕ್ಸಲ್ ಕುಗ್ಗುವುದಿಲ್ಲ. ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು. ಅಲ್ಲಿ ಹಲ್ಲುಗಳ ಅಂತರ ಜಾಸ್ತಿಯಾಗಿ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಎಂಜಿನ್ "ಟಕ್" ಅನ್ನುತ್ತದೆ. ಮೋಟಾರ್ ಹೋಯ್ತು ಅಂದುಕೊಂಡು ಮೋಟಾರ್ ಬದಲಿಸಿದವರೂ ಇದ್ದಾರೆ! ನಮಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಈ ಗೇರಿಗೇ.

ಜೋಡಣೆ ಕೈಯಲ್ಲೇ ಆಗಬೇಕು. ಪ್ರೆಸ್ ಮಾಡಿದ ಮೇಲೆ ಎರಡು ಚಕ್ರಗಳ ಒಳಮೈ ನಡುವೆ 14.4 ಮಿ.ಮೀ. ಇರಬೇಕು. ಅಷ್ಟೇ ದಪ್ಪದ ಒಂದು ಉಕ್ಕಿನ ತುಂಡು ಇಟ್ಟುಕೊಂಡಿದ್ದೇವೆ, ಬಿಗಿಯೂ ಆಗದೆ ಸಡಿಲವೂ ಆಗದೆ ಒಳಗೆ ಹೋಗಬೇಕು. ಆಮೇಲೆ ವಿ ಆಕಾರದ ಕಚ್ಚು ಇರುವ ವಿ-ಬ್ಲಾಕ್ ಮೇಲಿಟ್ಟು ತಿರುಗಿಸಿ, ಓಲಾಟ ತೋರಿಸುವ ಡಯಲ್ ಗೇಜ್ ನೋಡಬೇಕು. ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಅಲ್ಲಾಡಿದರೆ ರಿಜೆಕ್ಟ್. ಎಂಜಿನ್ ನಿಧಾನಕ್ಕೆ ಹೋಗುವಾಗ ಚಕ್ರ ತೂಗಾಡುವುದು ಗಿರಾಕಿಗೆ ಚೆನ್ನಾಗಿಯೇ ಕಾಣುತ್ತದೆ.

ಯಲಹಂಕದ ರೈಲು ಚಕ್ರ ಕಾರ್ಖಾನೆಯಲ್ಲಿ ಎರಕ ಹೊಯ್ದೇ ಚಕ್ರ ಮಾಡ್ತಾರಲ್ಲ, ನೀವೂ ಹಾಗೇ ಮಾಡಿ ಅನ್ನುವವರು ಇದ್ದಾರೆ. ಹಾರ್ನ್, ಬೆಲ್ ಇಂಥವನ್ನು ಮೇಣದ ಮಾದರಿ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವ ಮೇಣದ ಎರಕದಲ್ಲೇ ಮಾಡಿಸುತ್ತೇವೆ. ಚಕ್ರಕ್ಕೆ ನಮಗದು ಆಗಿಬರುವುದಿಲ್ಲ. ಎರಕ ಹೊಯ್ದರೂ ಕೊನೆಗೆ ಲೇತ್‌ಗೆ ಕಟ್ಟಿ ಹೊಡೆಯಲೇಬೇಕು (ಕಡೆಯಲೇಬೇಕು), ಅದಕ್ಕಿಂತ ಹಿತ್ತಾಳೆ ರಾಡಿನಿಂದಲೇ ತೆಗೆಯುವುದು ಸಲೀಸು. 3ಡಿ ಪ್ರಿಂಟ್ ಮಾಡಿದ ರೆಸಿನ್ ಚಕ್ರದಲ್ಲಿ ಕರೆಂಟು ಹರಿಯುವುದಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು.

ಈಗ 300 ರೂಪಾಯಿಗೆ ಬರೋಣ. 2.8 ಮಿ.ಮೀ. ಚಕ್ರ ಕತ್ತರಿಸುವಾಗ ಪಾರ್ಟಿಂಗ್ ಟೂಲ್ ಒಂದೂವರೆ ಮಿ.ಮೀ. ಹಿತ್ತಾಳೆಯನ್ನು ಚೂರು ಮಾಡುತ್ತದೆ. ಅದು ಗುಜರಿಗೆ ಹೋಗಿ ಅಷ್ಟೋ ಇಷ್ಟೋ ವಾಪಸ್ ಬರುತ್ತದೆ ಬಿಡಿ. ಮಷೀನ್ ಸೆಟ್ಟಿಂಗಿಗೆ ಅರ್ಧ ದಿನ ಬೇಕು, ಚಕ್ರ ಹೊಡೆಯಲು ಒಂದೆರಡು ನಿಮಿಷ. ಹತ್ತು ಸಾವಿರ ಚಕ್ರ ಹೊಡೆದರೆ ಆ ಅರ್ಧ ದಿನ ಲೆಕ್ಕಕ್ಕೇ ಇಲ್ಲ. ನಮ್ಮ ಆರ್ಡರ್ ಇರುವುದು ನೂರರ ಆಸುಪಾಸಿನಲ್ಲಿ. ಅದರ ಮೇಲೆ ನಿಕಲ್ ಪ್ಲೇಟಿಂಗ್, ರಿಜೆಕ್ಷನ್, ಜೋಡಿಸುವವರ ಸಂಬಳ. ಶೆಡ್ಡಿನ ಬಾಡಿಗೆ ಕಟ್ಟುವುದು ಪಂಪು, ವಾಲ್ವುಗಳ ಜಾಬ್ ವರ್ಕ್‌ನಿಂದ. ರೈಲು ಚಕ್ರ ಒಂದನ್ನೇ ನಂಬಿದ್ದರೆ ಯಾವತ್ತೋ ಶಟರ್ ಎಳೆಯಬೇಕಿತ್ತು.

ಇನ್ನೊಂದು ತಮಾಷೆ. ಎಚ್‌ಓ ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676ನ್ನು ಭಾಗಿಸಿದರೆ 19.3 ಬರುತ್ತದೆ. ಹಾಗಾಗಿ ಆ ಹಳಿಯಲ್ಲಿ ಓಡುವ ಭಾರತದ ಎಂಜಿನ್ನಿನ ಮಾಡೆಲ್‌ಗಳ ಕಾಲು ಸ್ವಲ್ಪ ಒಳಗೆ ಸೇರಿಕೊಂಡಿರುತ್ತವೆ. ಸರಿಯಾಗಿ ಕೂರುವುದು ಯಾವುದು ಗೊತ್ತಾ? ನಮ್ಮ ಮೆಟ್ರೋ. ಅದು 1435ರ ಸ್ಟ್ಯಾಂಡರ್ಡ್ ಗೇಜ್!

ಒಂದೇ ಜೊತೆ ಬೇಕು ಅನ್ನುವವರು ಮುಂದಿನ ಸೆಟ್ಟಿಂಗ್‌ವರೆಗೆ ಕಾಯಬೇಕು. ಒಂದಕ್ಕೋಸ್ಕರ ಮಷೀನ್ ಕಟ್ಟಿದರೆ ಬೆಲೆ ಹೇಳಲು ನನಗೇ ನಾಚಿಕೆ. ಕೇಳುವಾಗ ಫೋಟೋ ಒಂದನ್ನೇ ಕಳಿಸಬೇಡಿ. ಆಕ್ಸಲ್ಲಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಗೇರಿನ ಹಲ್ಲು ಎಣಿಸಿ ಬರೆಯಿರಿ. ಬಿರುಕು ಬಿಟ್ಟ ಹಳೇ ಗೇರನ್ನೂ ಎಸೆಯಬೇಡಿ, ಅಳತೆಗೆ ಬೇಕಾಗುತ್ತದೆ.