ಟಬ್ಬಿನ ಕೆಸರಿನಲ್ಲಿ ಬಜೆ

ತಳದಲ್ಲಿ ತೂತಿಲ್ಲದ ಪಾತ್ರೆಯಲ್ಲಿ ಗಿಡ ನೆಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಕೆಸರಿನಲ್ಲೇ ಬೆಳೆಯುವ ಮದ್ದಿನ ಗಿಡ ಬಜೆಗೆ ಆ ಮಾತು ಪೂರ್ತಿ ಉಲ್ಟಾ. ನನ್ನ ಬಜೆ ಇರುವುದು ಹಿಡಿ ಮುರಿದ ಒಂದು ಹಳೇ ಪ್ಲಾಸ್ಟಿಕ್ ಟಬ್ಬಿನಲ್ಲಿ. ತೂತು ಬೀಳದೆ ಉಳಿದಿದ್ದೇ ಅದರ ಯೋಗ್ಯತೆ. ಹಿತ್ತಲಿನ ನಲ್ಲಿಯ ಪಕ್ಕ ಇಟ್ಟಿದ್ದೇನೆ. ನಲ್ಲಿ ತೊಟ್ಟಿಕ್ಕಿದ ನೀರು, ಬಕೆಟ್ಟಿನಲ್ಲಿ ಉಳಿದ ನೀರು ಎಲ್ಲ ಅದಕ್ಕೇ ಹೋಗುತ್ತದೆ. ಸೋಪಿನ ನೀರು ಮಾತ್ರ ಬಿಡುವುದಿಲ್ಲ.

ಸುಮ್ನೆ ನೋಡಿದರೆ ಇದರಲ್ಲಿ ಏನೂ ಇಲ್ಲ. ಎತ್ತರದ ಹಸಿರು ಎಲೆಗಳು, ಬೀಸಣಿಗೆ ಬಿಚ್ಚಿದ ಹಾಗೆ ಎರಡೇ ಸಾಲಿನಲ್ಲಿ ಏಳುತ್ತವೆ, ಅಷ್ಟೇ. ಹುಲ್ಲು ಸಾಕಿದ್ದೀರಾ ಅಂತ ಕೇಳಿದವರಿದ್ದಾರೆ. ಅಂಥವರಿಗೆ ನಾನು ಉತ್ತರ ಹೇಳುವುದಿಲ್ಲ. ಎಲೆಯ ತುದಿ ಒಂದಿಷ್ಟು ಚಿವುಟಿ, ಉಜ್ಜಿ ಮೂಸಿ ಅಂತೀನಿ. ಮೊದಲು ಕಿತ್ತಳೆ ಸಿಪ್ಪೆಯ ಕಡೆಗೆ ಹೋಗುವ ಒಂದು ತೆಳು ಸಿಹಿ ವಾಸನೆ. ಆಮೇಲೆ ಒಳಗಿಂದ ಘಾಟು ಬರುತ್ತದೆ. ಅಲ್ಲಿಗೆ ಹುಲ್ಲಿನ ಮಾತು ಮುಗಿಯುತ್ತದೆ.

ಎಲೆಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಒಂದು ಗುರುತು ಸಿಗುತ್ತದೆ. ನಡುವಿನ ನರ ನಿಜವಾಗಿ ನಡುವಿನಲ್ಲಿ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಎಷ್ಟೋ ಎಲೆಗಳ ಒಂದು ಅಂಚು ಅಲ್ಲಲ್ಲಿ ನೆರಿಗೆ ಬಿದ್ದಿರುತ್ತದೆ. ಬುಡದ ಹತ್ತಿರ ಎಲೆಗೆ ನಸುಗೆಂಪು ಬಣ್ಣ. ಈ ಗುರುತುಗಳು ಯಾಕೆ ಮುಖ್ಯ ಅಂದರೆ, ಹಳದಿ ಹೂವಿನ ಜೌಗು ಐರಿಸ್ ಎಲೆಯೂ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ. ಅದರ ಗೆಡ್ಡೆ ವಿಷ. ಹೂವಿಲ್ಲದ ಕಾಲದಲ್ಲಿ ಎರಡೂ ಪಕ್ಕಪಕ್ಕ ಇದ್ದರೆ ಕಣ್ಣು ಮೋಸ ಹೋಗುತ್ತದೆ, ಮೂಗು ಹೋಗುವುದಿಲ್ಲ. ಉಜ್ಜಿದಾಗ ಘಮ ಬರದಿದ್ದರೆ ಅದು ಬಜೆ ಅಲ್ಲ.

ಈ ಗಿಡದ ವಂಶದ ಕಥೆ ನನಗೆ ತುಂಬಾ ಇಷ್ಟ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ಅಕೋರಸ್ ಕಲಾಮಸ್ ಅಂತ ಹೆಸರಿಟ್ಟ. ಆಮೇಲೆ ಬಹಳ ಕಾಲ ಇದನ್ನು ಕೆಸುವಿನ ಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಲು ಶುರುಮಾಡಿದ ಮೇಲೆ ಆ ಸಂಬಂಧ ಬಿದ್ದುಹೋಯಿತು. ಈಗ ಬಜೆಗೆ ತನ್ನದೇ ಕುಟುಂಬ, ಅದರಲ್ಲಿ ಇರುವುದು ಒಂದೇ ಕುಲ. ಭತ್ತ, ಬಾಳೆ, ತೆಂಗು, ಈರುಳ್ಳಿ, ಆರ್ಕಿಡ್, ಹೀಗೆ ಒಂದೇ ಬೀಜದಳ ಇರುವ ಗಿಡಗಳೆಲ್ಲ ಒಂದು ಕಡೆ. ಅವೆಲ್ಲದರಿಂದ ಮೊಟ್ಟಮೊದಲು ಬೇರೆ ಹೋದ ಕವಲು ಬಜೆಯದು. ಮುರುಕು ಟಬ್ಬಿನಲ್ಲಿ ಕೂತವರು ಎಂಥ ಹಿರೀಕರು ನೋಡಿ!

ಸರಿ, ಬೆಳೆಸುವ ವಿಷಯ. ಬೀಜದ ಯೋಚನೆ ಬಿಟ್ಟುಬಿಡಿ. ಬಜೆಯಲ್ಲಿ ವಂಶದ ಗುಣ ಹೊತ್ತ ವರ್ಣತಂತುಗಳು (ಕ್ರೋಮೋಸೋಮ್) ಎರಡು ಸೆಟ್, ಮೂರು ಸೆಟ್, ನಾಲ್ಕು ಸೆಟ್ ಇರುವ ಬಗೆಗಳಿವೆ. ಮೂರು ಸೆಟ್ಟಿನವು ಬೀಜ ಕಟ್ಟುವುದೇ ಇಲ್ಲ. 16ನೇ ಶತಮಾನದಲ್ಲಿ ಯುರೋಪಿನ ಸಸ್ಯ ಪ್ರಿಯರು ಟರ್ಕಿಯಿಂದ ತರಿಸಿಕೊಂಡು ತಮ್ಮ ತೋಟಗಳಲ್ಲಿ ನೆಟ್ಟಿದ್ದು ಇದೇ ಬಂಜೆ ಬಗೆ. ಹಾಗಿದ್ದೂ ಅಲ್ಲಿನ ಕೆರೆದಂಡೆ, ಹೊಳೆದಂಡೆಗಳಲ್ಲೆಲ್ಲ ಹಬ್ಬಿತು. ಒಂದು ಬೀಜವಿಲ್ಲದೆ, ಬರೀ ಗೆಡ್ಡೆಯ ತುಂಡುಗಳಿಂದ! ಹಾಗಾಗಿ ನಮಗೂ ಒಂದು ತುಂಡು ಗೆಡ್ಡೆ ಸಾಕು.

ಬೆರಳುದ್ದದ ತುಂಡಾದರೆ ಒಳ್ಳೆಯದು. ತುದಿಯಲ್ಲಿ ಹಸಿರು ಮೊಳಕೆ ಇರಲೇಬೇಕು. ಮದ್ದಿಗೆ ಅಂತ ಮಾರುವ ಒಣ ಬೇರನ್ನು ನೀರಿಗೆ ಹಾಕಿ ಕಾಯುವವರಿದ್ದಾರೆ. ಅದು ಸತ್ತು ಬಹಳ ದಿನವಾಗಿರುತ್ತದೆ, ಚಿಗುರುವುದಿಲ್ಲ. ಟಬ್ಬಿಗೆ ಅಂಟಿನ ಜೇಡಿಮಣ್ಣು ಜಾಸ್ತಿ, ಚೆನ್ನಾಗಿ ಕಳಿತ ಗೊಬ್ಬರ ಸ್ವಲ್ಪ ಹಾಕಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೇಡ, ನೀರು ತುಂಬಿದರೆ ತೇಲುತ್ತದೆ. ಹಸಿ ಸಗಣಿಯಂತೂ ಬೇಡವೇ ಬೇಡ. ನಿಂತ ನೀರಿನಲ್ಲಿ ಅದು ಕೊಳೆತು ನಾರುವ ನಾತಕ್ಕೆ ಬಜೆಯ ಘಮ ಎಲ್ಲಿಗೂ ಸಾಲುವುದಿಲ್ಲ. ಗೆಡ್ಡೆಯನ್ನು ನೆಟ್ಟಗೆ ಚುಚ್ಚಬೇಡಿ, ಅಡ್ಡಕ್ಕೆ ಮಲಗಿಸಿ. ಮೇಲೆ ಎರಡು ಬೆರಳು ದಪ್ಪ ಮಣ್ಣು, ಮೊಳಕೆ ಹೊರಗೆ. ನೆಲದಲ್ಲಿ ನೆಡುವುದಾದರೆ ಒಂದಕ್ಕೊಂದು ಅಡಿ ಅಂತರ ಕೊಡಿ.

ಇನ್ನು ನೀರು. ಬಜೆಯ ಹತ್ತರಲ್ಲಿ ಒಂಬತ್ತು ತೊಂದರೆ ಇಲ್ಲೇ. ಒಂದು ದಿನ ಒದ್ದೆ, ಮೂರು ದಿನ ಒಣಗು ಅನ್ನುವ ಆಟ ಇದರ ಹತ್ತಿರ ನಡೆಯುವುದಿಲ್ಲ. ಎಲೆಯ ತುದಿ ಕಂದಾಗಿ ಸುರುಟಿಕೊಂಡರೆ ರೋಗ ಅಂತ ಔಷಧಿ ಹುಡುಕುವ ಮೊದಲು ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ. ಹಾಗಂತ ಮುಳುಗಿಸುವುದೂ ಬೇಡ. ಎಳೆ ಗಿಡಕ್ಕೆ ಮಣ್ಣಿನ ಮೇಲೆ ಒಂದೆರಡು ಬೆರಳು ನೀರು, ಎತ್ತರಕ್ಕೆ ಬಂದ ಮೇಲೆ ಗೇಣಿನ ಅರ್ಧದಷ್ಟು ನಿಂತರೂ ಅಡ್ಡಿಯಿಲ್ಲ. ನನ್ನ ಟಬ್ಬಿನಲ್ಲಿ ನಾನು ನೀರು ನಿಲ್ಲಿಸುವುದೇ ಇಲ್ಲ. ಕೆಸರಿನ ಮೈ ಬಿಸಿಲಿಗೆ ಹೊಳೆಯುತ್ತಿರಬೇಕು, ಅಷ್ಟು ಸಾಕು. ಇದಕ್ಕೆ ಕಾರಣ ಸೊಳ್ಳೆ. ನೀರು ನಿಲ್ಲಿಸಲೇಬೇಕು ಅನ್ನುವವರು ನಾಲ್ಕು ಗಪ್ಪಿ ಮೀನು ಬಿಟ್ಟುಕೊಳ್ಳಿ.

ಅಷ್ಟು ಕೆಸರಿನಲ್ಲಿ ಗೆಡ್ಡೆ ಯಾಕೆ ಕೊಳೆಯುವುದಿಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಒಂದು ಹಸಿ ಗೆಡ್ಡೆಯನ್ನು ಅಡ್ಡಕ್ಕೆ ಕೊಯ್ದರೆ ಗೊತ್ತಾಗುತ್ತದೆ. ಒಳಗೆ ತುಂಬ ಸಣ್ಣ ಸಣ್ಣ ಪೊಳ್ಳುಗಳು. ಒತ್ತಿದರೆ ಸ್ಪಂಜಿನಂತೆ ಕುಗ್ಗುತ್ತದೆ. ಎಲೆ ಹೀರಿದ ಗಾಳಿ ಈ ಪೊಳ್ಳುಗಳ ದಾರಿಯಲ್ಲೇ ಕೆಳಗಿಳಿದು ಬೇರಿಗೆ ಸೇರುತ್ತದೆ. ಗಾಳಿ ಪೂರ್ತಿ ತಪ್ಪಿದರೂ ಬಜೆ ಗೆಡ್ಡೆ ವಾರಗಟ್ಟಲೆ ಜೀವ ಹಿಡಿದುಕೊಳ್ಳಬಲ್ಲದು. ಚಳಿ ದೇಶಗಳಲ್ಲಿ ಕೊಳದ ಮೇಲ್ಮೈ ಹೆಪ್ಪುಗಟ್ಟಿ ಎಲೆಯೆಲ್ಲ ಸತ್ತರೂ ಕೆಳಗಿನ ಗೆಡ್ಡೆ ಮುಂದಿನ ವರ್ಷ ಮತ್ತೆ ಚಿಗುರುವುದು ಹೀಗೇ. ಕೊಳಕು ನೀರಿನಿಂದ ಸಾರಜನಕ, ರಂಜಕ ಹೀರುವುದಕ್ಕೆ ಅಂತ ಮಾಡುವ ಕೃತಕ ಜೌಗುಗಳಲ್ಲೂ ಇದನ್ನು ನೆಡುತ್ತಾರೆ. ಅಂಥ ಕಡೆಯ ಗೆಡ್ಡೆಯನ್ನು ಬಳಸಲು ಮಾತ್ರ ಹೋಗಬೇಡಿ. ನೀರಿನಲ್ಲಿದ್ದ ಭಾರ ಲೋಹಗಳೂ ಅದರೊಳಗೆ ಸೇರಿರಬಹುದು.

ಹೂವು? ಬಂದರೆ ಬಂತು. ನನ್ನ ಟಬ್ಬಿನಲ್ಲಿ ಬಂದಿಲ್ಲ. ನೀರು ನಿಂತ ಕಡೆ ಬೆಳೆದ ಗಿಡವೇ ಸಾಮಾನ್ಯವಾಗಿ ಹೂ ಬಿಡುವುದು. ಎಲೆಯಂಥದೇ ದಂಟಿನ ಪಕ್ಕದಿಂದ ಓರೆಯಾಗಿ ಹೊರಡುವ, ಬೆರಳುದ್ದದ ಹಸಿರು-ಹಳದಿ ಕಡ್ಡಿ ಅದು. ಅಂದಕ್ಕೆ ಬಜೆ ಬೆಳೆಸುವವರಿಗೆ ಕೆನೆಬಣ್ಣದ ಪಟ್ಟೆಯ ಎಲೆ ಇರುವ ತಳಿ ಇದೆ. ಇದರದೇ ಕುಲದ ಗಿಡ್ಡ ಬಗೆಯೂ ಇದೆ, ಅದನ್ನು ಅಕ್ವೇರಿಯಂ ಗಿಡ ಅಂತ ಮಾರುತ್ತಾರೆ. ಪೂರ್ತಿ ಮುಳುಗಿಸಿದರೆ ಅದು ನಿಧಾನಕ್ಕೆ ಸೊರಗುತ್ತದೆ. ತಂದವರು ಮೀನಿನ ತೊಟ್ಟಿಯಿಂದ ತೆಗೆದು ಕೆಸರಿಗೆ ಹಾಕಿ.

ತಮಾಷೆ ಅಂದರೆ, ಹುಳ ಓಡಿಸುವುದಕ್ಕೆ ಹೆಸರಾದ ಈ ಗಿಡಕ್ಕೂ ಹುಳ ಬರುತ್ತದೆ. ಎಲೆಗಳು ಒಂದರೊಳಗೊಂದು ಸೇರುವ ಬುಡದಲ್ಲಿ ಬಿಳಿ ಹಿಟ್ಟು ತಿಗಣೆ ಗೂಡು ಕಟ್ಟುತ್ತದೆ. ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯುತ್ತೇನೆ, ಹಳೇ ಎಲೆ ಕಿತ್ತು ಹಾಕುತ್ತೇನೆ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ನೆಟ್ಟು ವರ್ಷ ತುಂಬುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗಿ ಒಣಗುತ್ತವೆ. ಆಗ ಎರಡು ದಿನ ನೀರು ಕಮ್ಮಿ ಮಾಡಿ ಅಗೆಯಬೇಕು. ಅಗೆಯುವುದು ಅಂದೆ, ಆದರೆ ನಿಜವಾಗಿ ಅದು ಕುಸ್ತಿ. ಗೆಡ್ಡೆಗಳು ಟಬ್ಬಿನ ಅಂಚು ಹಿಡಿದು ಸುತ್ತು ಹೊಡೆದಿರುತ್ತವೆ, ಒಂದರ ಮೇಲೊಂದು ಹತ್ತಿರುತ್ತವೆ. ಎತ್ತಿ ತೊಳೆದರೆ ಕೆಳಮೈಯಿಂದ ಇಳಿದ ಬಿಳಿ ಬೇರಿನ ದಾರಗಳು, ಮೇಲ್ಮೈಯಲ್ಲಿ ಎಲೆ ಉದುರಿದ ಜಾಗದ ಅಂಕುಡೊಂಕು ಗೆರೆಗಳು. ಹೊರಗೆ ಕಂದು, ಕೊಯ್ದರೆ ಒಳಗೆ ಬಿಳುಪು, ಅದರಲ್ಲೊಂದು ಸಣ್ಣ ಗುಲಾಬಿ ಛಾಯೆ. ಘಮ ಕೈಗೆ ಹತ್ತಿದರೆ ಎರಡು ಸಲ ತೊಳೆದರೂ ಹೋಗುವುದಿಲ್ಲ.

ಬೇರಿನ ದಾರ ಕತ್ತರಿಸಿ, ಗೆಡ್ಡೆಯನ್ನು ಬೆರಳುದ್ದ ತುಂಡು ಮಾಡಿ, ನೆರಳಿನಲ್ಲಿ ಒಣಗಿಸುತ್ತೇನೆ. ಸಿಪ್ಪೆ ಹೆರೆಯುವುದಿಲ್ಲ. ಹೆರೆದರೆ ನೋಡಲು ಬೆಳ್ಳಗೆ ಚೆಂದ, ಆದರೆ ಘಮದ ಎಣ್ಣೆಯಲ್ಲಿ ಒಂದು ಪಾಲು ಆ ಸಿಪ್ಪೆಯ ಜೊತೆಗೇ ಹೋಗುತ್ತದೆ. ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಹಾಗೇ ಡಬ್ಬಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿ ಏನಕ್ಕೆ ಬಳಸುತ್ತೀಯ ಅಂತ ಕೇಳಿದರೆ, ನನ್ನ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ. ನಾನು ಇದನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಬಜೆ ಎಣ್ಣೆಯಲ್ಲಿ ಬೀಟಾ-ಅಸರೋನ್ ಅನ್ನುವ ವಸ್ತು ಇದೆ. ಪ್ರಯೋಗಾಲಯದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಸಿದ್ದು ಕಂಡ ಮೇಲೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1968ರಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನೇ ನಿಷೇಧಿಸಿತು. ಎಲ್ಲ ಬಜೆಯಲ್ಲೂ ಇದು ಒಂದೇ ಅಳತೆಯಲ್ಲಿ ಇರುವುದಿಲ್ಲ. ವರ್ಣತಂತು ಎರಡು ಸೆಟ್ ಇರುವ ಬಗೆಯಲ್ಲಿ ಇಲ್ಲ ಅನ್ನುವಷ್ಟು ಕಮ್ಮಿ, ಮೂರು ಸೆಟ್ಟಿನದರಲ್ಲಿ ಸ್ವಲ್ಪ, ನಾಲ್ಕು ಸೆಟ್ಟಿನದರಲ್ಲಿ ಎಣ್ಣೆಯ ಬಹುಪಾಲು ಅದೇ. ಟಬ್ಬಿನ ಗಿಡ ಯಾವ ಬಗೆ ಅಂತ ಎಲೆ ನೋಡಿ ಹೇಳುವುದು ಹೇಗೆ? ಆಗುವುದಿಲ್ಲ. ಎಳೆ ಮಗುವಿಗೆ ಕೊಡುವ ಯೋಚನೆ ಇದ್ದರೆ ವೈದ್ಯರನ್ನು ಕೇಳದೆ ಖಂಡಿತ ಕೊಡಬೇಡಿ, ಬಸುರಿಯರೂ ದೂರ ಇರಿ. ಹಳಬರು ಬಳಸುತ್ತಿದ್ದರು ಅನ್ನುವುದು ನಿಜ. ಆದರೆ ನನ್ನ ಮಟ್ಟಿಗೆ ಅಷ್ಟೇ ಸಾಲದು.

ನಾನು ಬಳಸುವುದು ಹುಳಕ್ಕೆ. ಮುಂದಿನ ಸಲ ಬಿತ್ತಲು ಎತ್ತಿಟ್ಟ ಬೀಜದ ಡಬ್ಬಗಳಲ್ಲಿ ಜಜ್ಜಿದ ಬಜೆಯ ಒಂದೊಂದು ಬಟ್ಟೆ ಗಂಟು ಹಾಕಿಡುತ್ತೇನೆ. ಅದೇ ಅಸರೋನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಳಗಳು ಮೊಟ್ಟೆ ಇಟ್ಟು ವಂಶ ಬೆಳೆಸುವುದನ್ನೇ ಅದು ಕೆಡಿಸುತ್ತದೆ. ಬೀಜಕ್ಕೆ ಮೊದಲೇ ಹುಳ ಹೊಕ್ಕಿದ್ದರೆ ಇದರಿಂದ ಏನೂ ಆಗದು, ಒಣಗಿಸಿ ಕೇರಿಯೇ ತುಂಬಬೇಕು. ತಿನ್ನುವ ಕಾಳಿನ ಡಬ್ಬಕ್ಕೆ ಹಾಕುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಇನ್ನೊಂದಿಷ್ಟು ಗಂಟು ಉಣ್ಣೆ ಬಟ್ಟೆಯ ಕಪಾಟಿಗೆ, ಪುಸ್ತಕದ ಕಪಾಟಿಗೆ. ಘಮ ಇಳಿದಾಗ ತುಂಡನ್ನು ಇನ್ನೊಂದು ಸಲ ಮುರಿದರೆ ಮತ್ತೆ ಏಳುತ್ತದೆ.

ಮೊಳಕೆ ಇರುವ ತುದಿಗಳನ್ನು ಕೆಸರಿಗೇ ವಾಪಸ್ ಹಾಕುತ್ತೇನೆ. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೊರಗೊಂದು ಪ್ಲಾಸ್ಟಿಕ್ ಹಾಕಿ ಕೇಳಿದವರಿಗೆ ಕೊಡುತ್ತೇನೆ. ಹಾಗೇ ಒಂದು ವಾರ ತಾಳುತ್ತದೆ. ಮಿಕ್ಕಿದ್ದನ್ನು ಕೆರೆಗೋ ಹೊಳೆಗೋ ಎಸೆಯಬೇಡಿ. ಬೀಜವಿಲ್ಲದೆಯೇ ಒಂದು ಖಂಡಕ್ಕೆ ಹಬ್ಬಿದ ಗಿಡ ಇದು. ಬೇಡವಾದ ತುಂಡುಗಳನ್ನು ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.