ಕೇಬಲ್ ತೆಗೆಸಿದ್ದು ಸರಿ ಹೋಯ್ತಾ?

ನಮ್ಮ ಮನೆಯ ಟಿವಿಗೆ ಕೇಬಲ್ ಇಲ್ಲ, ಎಲ್ಲಾ ಇಂಟರ್ನೆಟ್ ಮೇಲೇ ಓಡುತ್ತದೆ ಅಂತ ಗೊತ್ತಾದ ಕೂಡಲೇ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ನಾವೂ ಕೇಬಲ್ ತೆಗೆಸಿಬಿಡಬಹುದಾ? ದುಡ್ಡು ಉಳಿಯುತ್ತಾ?" ಹೂಂ ಅಂದರೆ ಸಾಕು, ನಾಳೆಯೇ ತೆಗೆಸುವ ಹುರುಪು ಅವರಿಗೆ. ನಾನು ಮಾತ್ರ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮ ಮನೆಯಲ್ಲಿ ರಿಮೋಟ್ ಯಾರ ಕೈಯಲ್ಲಿರುತ್ತದೆ?

ತಮಾಷೆಗೆ ಕೇಳುತ್ತಿಲ್ಲ. ನಮ್ಮಲ್ಲಿ ಕೇಬಲ್ ತೆಗೆಸಲು ಹೊರಟವನು ನಾನು. ಟಿವಿ ನೋಡುತ್ತಿದ್ದವರು ಅಮ್ಮ. ಚಾನೆಲ್ ನಂಬರ್‌ಗಳೆಲ್ಲ ಅವರಿಗೆ ಬಾಯಿಪಾಠ. ಕನ್ನಡಕ ಹುಡುಕುವ ಮೊದಲೇ ಬೆರಳು ಮೂರು ಗುಂಡಿ ಒತ್ತಿ ಆಗಿರುತ್ತಿತ್ತು, ಧಾರಾವಾಹಿ ಬಂದಿರುತ್ತಿತ್ತು. ಹೊಸ ಏರ್ಪಾಡಿನಲ್ಲಿ ಟಿವಿ ಹಾಕಬೇಕು, ಆ್ಯಪ್ ಹುಡುಕಬೇಕು, ನೋಡುತ್ತಿರುವವರು ಯಾರು ಅಂತ ಅದು ಕೇಳಿದರೆ ಹೇಳಬೇಕು, ಆಮೇಲೆ ಬಾಣದ ಗುಂಡಿ ಒತ್ತಿ ಒತ್ತಿ ಹೆಸರಿನ ಒಂದೊಂದೇ ಅಕ್ಷರ ಆರಿಸಬೇಕು. ಮೊದಲ ವಾರ ಅಮ್ಮ ಟಿವಿ ಹಾಕಲೇ ಇಲ್ಲ. ಕೇಳಿದ್ದಕ್ಕೆ "ಯಾಕೋ ನೋಡಬೇಕು ಅನ್ನಿಸ್ತಿಲ್ಲ" ಅಂದರು. ನಾನೂ ಪೆದ್ದನ ಹಾಗೆ ನಂಬಿದೆ.

ಯಾಕೆ ಹೀಗಾಗುತ್ತದೆ ಅಂದರೆ, ಈ ಎರಡು ವ್ಯವಸ್ಥೆಗಳ ಬುಡವೇ ಬೇರೆ. ಸಾಮಾನ್ಯವಾಗಿ ಕೇಬಲ್ ತಂತಿಯಲ್ಲಿ ಎಲ್ಲಾ ಚಾನೆಲ್‌ಗಳೂ ಒಟ್ಟಿಗೆ ಎಲ್ಲಾ ಮನೆಗಳಿಗೂ ಹರಿಯುತ್ತಲೇ ಇರುತ್ತವೆ. ನೀವು ನೋಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮನೆಯ ಬಾಕ್ಸ್ ಅದರಲ್ಲಿ ಒಂದನ್ನು ಹಿಡಿದು ತೋರಿಸುತ್ತದೆ. ಇಂಟರ್ನೆಟ್‌ನಲ್ಲಿ ಹಾಗೆ ಸುಮ್ನೆ ಏನೂ ಹರಿಯುವುದಿಲ್ಲ. ನಿಮ್ಮ ಟಿವಿ ಬೇಕು ಅಂತ ಕೇಳಬೇಕು, ಎಲ್ಲೋ ಇರುವ ಕಂಪ್ಯೂಟರ್ ನಿಮಗಂತಲೇ ಬೇರೆಯಾಗಿ ಕಳಿಸಬೇಕು. ಬೇಕಾದಾಗ ನಿಲ್ಲಿಸುವ, ಹಿಂದಕ್ಕೆ ಹೋಗುವ ಸುಖ ಬರುವುದು ಇದರಿಂದಲೇ. ತಲೆನೋವು ಬರುವುದೂ ಇದರಿಂದಲೇ.

ಮೊದಲ ತಲೆನೋವು ಡೇಟಾ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲೇ ಎಚ್‌ಡಿ ನೋಡಿದರೆ ಗಂಟೆಗೆ 3 ಜಿಬಿವರೆಗೆ, ಅದಕ್ಕಿಂತ ಸ್ಪಷ್ಟವಾದ 4ಕೆ ಆದರೆ 7 ಜಿಬಿವರೆಗೆ ಖರ್ಚಾಗುತ್ತದೆ. ಕೇಬಲ್ ಟಿವಿ ದಿನವಿಡೀ ಯಾರೂ ನೋಡದೆ ಮಾತಾಡಿಕೊಂಡಿದ್ದರೂ ಬಿಲ್ ಒಂದೇ. ಅದೇ ಅಭ್ಯಾಸ ಇಲ್ಲಿಗೂ ತಂದರೆ? ದಿನಕ್ಕೆ ಆರು ಗಂಟೆ ಎಚ್‌ಡಿ ಓಡಿದರೆ ತಿಂಗಳಿಗೆ 500 ಜಿಬಿ ದಾಟಬಹುದು. ನಿಮ್ಮ ಪ್ಲಾನಿನಲ್ಲಿ ಮಿತಿ ಇದೆಯಾ, ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಅಂತ ಮೊದಲೇ ಓದಿಕೊಳ್ಳಿ. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ವೇಗದ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಬರುತ್ತದೆ ಅನ್ನುವ ಅಳತೆ), 4ಕೆಗೆ 15 ಎಂಬಿಪಿಎಸ್ ಇದ್ದರೆ ಸಾಕು ಅನ್ನುತ್ತದೆ ಅದೇ ನೆಟ್‌ಫ್ಲಿಕ್ಸ್. ಹಾಗಾದರೆ 100 ಎಂಬಿಪಿಎಸ್ ಇರುವ ಮನೆಯಲ್ಲೂ ಚಿತ್ರ ನಿಂತು ಚಕ್ರ ಯಾಕೆ ಸುತ್ತುತ್ತದೆ? ಹತ್ತರಲ್ಲಿ ಎಂಟು ಸಲ ತಪ್ಪು ಮನೆಯೊಳಗೇ ಇರುತ್ತದೆ ಅಂತ ನನ್ನ ಅನುಭವ. ರೂಟರ್ ಒಂದು ಮೂಲೆಯಲ್ಲಿ, ಟಿವಿ ಇನ್ನೊಂದು ಮೂಲೆಯಲ್ಲಿ, ನಡುವೆ ಎರಡು ಗೋಡೆ. ರೂಟರಿನ ವೈಫೈ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ವೈಫೈ ಗೋಡೆ ದಾಟುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಎಲ್ಲಾ ಸೇರಿ ಸಂತೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆ ಸಿಕ್ಕಿದರೆ ಸುಸ್ತಾಗುತ್ತದೆ. ನಾನು ದುಬಾರಿ ರೂಟರ್ ತಂದು, ಅದನ್ನು ಕಪಾಟಿನ ಮೇಲಿಟ್ಟು, ಕೆಳಗಿಟ್ಟು, ತಿರುಗಿಸಿಟ್ಟು ಮೂರು ತಿಂಗಳು ಒದ್ದಾಡಿದೆ. ಕೊನೆಗೆ ರೂಟರಿನಿಂದ ಟಿವಿಗೆ ಒಂದು ನೆಟ್‌ವರ್ಕ್ ವೈರ್ ಎಳೆದೆ. ಆವತ್ತಿನಿಂದ ಚಕ್ರ ಸುತ್ತಿಲ್ಲ. ಕೇಬಲ್ ತೆಗೆಸಿದವನ ಮನೆಯಲ್ಲಿ ಗೋಡೆಗುಂಟ ಮತ್ತೊಂದು ಕೇಬಲ್! ಇರಲಿ ಬಿಡಿ.

ಇನ್ನು ನೇರ ಪ್ರಸಾರ. ಮ್ಯಾಚ್ ಹುಚ್ಚಿರುವ ಮನೆಯಾದರೆ ಇದನ್ನು ಗಮನವಿಟ್ಟು ಕೇಳಿ. ಇಂಟರ್ನೆಟ್‌ನಲ್ಲಿ ವಿಡಿಯೋ ಒಂದೇ ಧಾರೆಯಾಗಿ ಬರುವುದಿಲ್ಲ, ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಅನ್ನುವ ವಿಧಾನದಲ್ಲಿ ಒಂದೊಂದು ತುಂಡು 10 ಸೆಕೆಂಡಿನದು ಇರಲಿ ಅಂತ ಹೇಳುತ್ತಿದ್ದರು, ಆಮೇಲೆ ಅದನ್ನು 6ಕ್ಕೆ ಇಳಿಸಿದರು. ನೆಟ್ ಚೆನ್ನಾಗಿದ್ದರೆ ಟಿವಿ ಒಳ್ಳೆ ಗುಣಮಟ್ಟದ ತುಂಡು ಕೇಳುತ್ತದೆ, ಕೆಟ್ಟಿದ್ದರೆ ಮಸುಕಾದದ್ದನ್ನು ಕೇಳುತ್ತದೆ. ಚಿತ್ರ ಇದ್ದಕ್ಕಿದ್ದ ಹಾಗೆ ಮಬ್ಬಾಗುವುದು ಅದಕ್ಕೇ. ಜೊತೆಗೆ, ನಿಲ್ಲದೆ ಓಡಲಿ ಅಂತ ಒಂದೆರಡು ತುಂಡು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ಇದೆಲ್ಲ ಸೇರಿ ನೀವು ಕೇಬಲ್ ನೋಡುವವರಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಬೀಳಬಹುದು. ಪಕ್ಕದ ಮನೆಯಲ್ಲಿ "ಹೋ" ಅಂತ ಕೂಗು ಏಳುತ್ತದೆ, ನಿಮ್ಮ ಟಿವಿಯಲ್ಲಿ ಆಟಗಾರ ಇನ್ನೂ ಓಡಿ ಬರುತ್ತಿರುತ್ತಾನೆ. ತಡವನ್ನು ಕಡಿಮೆ ಮಾಡುವ ವಿಧಾನಗಳು ಬಂದಿವೆ, ಎಲ್ಲಾ ಸೇವೆಗಳಲ್ಲೂ ಇಲ್ಲ. ಕಿಟಕಿ ಮುಚ್ಚಿ, ಫೋನ್ ದೂರ ಇಡಿ. ನನ್ನ ಹತ್ತಿರ ಬೇರೆ ಉಪಾಯ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಉಳಿಯುತ್ತದೆ, ಆದರೆ ಕೈ ಬಿಗಿ ಇದ್ದರೆ ಮಾತ್ರ. ನೆಟ್‌ಫ್ಲಿಕ್ಸ್ 2007ರಲ್ಲಿ ಇಂಟರ್ನೆಟ್ ಮೇಲೆ ಸಿನಿಮಾ ತೋರಿಸಲು ಶುರು ಮಾಡಿತು. ಆಮೇಲೆ ಸಿನಿಮಾ ಮಾಡುವ ಕಂಪನಿಗಳೇ ತಮ್ಮ ತಮ್ಮ ಅಂಗಡಿ ತೆರೆದವು. ಡಿಸ್ನಿ ಪ್ಲಸ್ ಬಂದದ್ದು 2019ರಲ್ಲಿ. ಮಕ್ಕಳಿಗೆ ಒಂದು, ಆಟಕ್ಕೆ ಒಂದು, ಧಾರಾವಾಹಿಗೆ ಒಂದು ಅಂತ ಸೇರಿಸುತ್ತಾ ಹೋದರೆ ಮತ್ತೆ ಕೇಬಲ್ ಬಿಲ್ಲೇ ಚೂರುಚೂರಾಗಿ ಬರುತ್ತದೆ. ಅದರ ಜೊತೆ ಇಂಟರ್ನೆಟ್ ಬಿಲ್ ಬೇರೆ. ಜಾಹೀರಾತಿನಿಂದಲಾದರೂ ಬಿಡುಗಡೆ ಅಂದುಕೊಂಡಿದ್ದೆವು, ಅಲ್ವಾ? 2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ದೇಶಗಳಲ್ಲಿ ಜಾಹೀರಾತಿರುವ ಅಗ್ಗದ ಪ್ಲಾನ್ ತಂದಿತು, 2024ರಲ್ಲಿ ಪ್ರೈಮ್ ವಿಡಿಯೋ ಕೂಡ ಅದೇ ದಾರಿ ಹಿಡಿಯಿತು.

ನಾನು ಮಾಡುವುದು ಇಷ್ಟು: ಒಂದು ಸಲಕ್ಕೆ ಒಂದೇ ಸೇವೆ, ಅದೂ ಒಂದು ತಿಂಗಳಿಗೆ. ದುಡ್ಡು ಕಟ್ಟಿದ ದಿನವೇ ರದ್ದು ಮಾಡಿಬಿಡುತ್ತೇನೆ. ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವವರೆಗೆ ಓಡುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ನೋಡಬೇಕಾದ್ದು ಉಳಿದಿದ್ದರೆ ಮತ್ತೆ ಕಟ್ಟಿದರಾಯಿತು. ವರ್ಷದ ಪ್ಲಾನ್ ಅಗ್ಗ ಅಂತ ತೆಗೆದುಕೊಂಡು ಏಳು ತಿಂಗಳು ತೆರೆದೂ ನೋಡದ ಕಥೆ ನನ್ನದೂ ಇದೆ.

ಅಮ್ಮನ ವಿಷಯ ಎಲ್ಲಿಗೆ ಬಂತು? ಎರಡನೇ ವಾರ ನಾನು ಪಕ್ಕದಲ್ಲಿ ಕೂತು, ಅವರು ರಿಮೋಟ್ ಹಿಡಿದು ಎಲ್ಲೆಲ್ಲಿ ತಡವರಿಸುತ್ತಾರೆ ಅಂತ ನೋಡಿದೆ. ಬೇಡದ ಆ್ಯಪ್‌ಗಳನ್ನೆಲ್ಲ ತೆಗೆದು ಮುಖಪುಟದಲ್ಲಿ ಎರಡೇ ಉಳಿಸಿದೆ. ಟೈಪ್ ಮಾಡುವ ಬದಲು ಮೈಕ್ ಗುಂಡಿ ಒತ್ತಿ ಹೆಸರು ಹೇಳುವುದನ್ನು ತೋರಿಸಿದೆ. ಮೊದಮೊದಲು ರಿಮೋಟ್ ಜೊತೆ ಮಾತಾಡಲು ಅವರಿಗೆ ನಾಚಿಕೆ, ಯಾರೂ ಇಲ್ಲದಾಗ ಮಾತ್ರ ಹೇಳುತ್ತಿದ್ದರು. ಧಾರಾವಾಹಿಯ ನಡುವೆ ಫೋನ್ ಬಂದರೆ ನಿಲ್ಲಿಸಿ ಮಾತಾಡಬಹುದು ಅಂತ ಗೊತ್ತಾದ ದಿನ ಆಟ ಬದಲಾಯಿತು. ಒಂದು ದೂರು ಮಾತ್ರ ಇವತ್ತಿಗೂ ಇದೆ. ಮೊದಲೆಲ್ಲ ಅಡುಗೆ ಮಾಡುತ್ತಾ ಟಿವಿ ಹಾಕಿಟ್ಟರೆ ಏನೋ ಒಂದು ಬರುತ್ತಿತ್ತಂತೆ. "ಈಗ ಏನು ಬೇಕು ಅಂತ ನಾನೇ ಹೇಳಬೇಕು. ನಂಗೇನು ಬೇಕೂಂತ ನಂಗೇ ಗೊತ್ತಿಲ್ಲದಾಗ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸದ್ಯಕ್ಕೆ ಯೂಟ್ಯೂಬ್‌ನಲ್ಲಿ ಒಂದು ಸುದ್ದಿ ಚಾನೆಲ್ಲಿನ ನೇರ ಪ್ರಸಾರ ಹಾಕಿಕೊಡುತ್ತೇನೆ.

ಹಾಗಾಗಿ ನನ್ನ ಉತ್ತರ ಹೀಗೆ: ತೆಗೆಸಬಹುದು, ನಾಳೆಯೇ ಬೇಡ. ಬಾಕ್ಸಿನ ವೈರ್ ಬಿಚ್ಚಿ ಒಂದು ತಿಂಗಳು ಕಪಾಟಿನಲ್ಲಿಡಿ, ಸಂಪರ್ಕ ಮಾತ್ರ ಹಾಗೇ ಇರಲಿ. ಮನೆಯವರನ್ನು "ಪರವಾಗಿಲ್ವಾ?" ಅಂತ ಕೇಳಲು ಹೋಗಬೇಡಿ, ಪರವಾಗಿಲ್ಲ ಅಂತಲೇ ಅನ್ನುತ್ತಾರೆ. ಸಂಜೆ ಹೊತ್ತು ಟಿವಿ ಮುಂಚಿನ ಹಾಗೆ ಓಡುತ್ತಿದೆಯಾ ಅಂತ ನೋಡಿಕೊಳ್ಳಿ.