2055ಕ್ಕೆ ಎಷ್ಟು ಪ್ಲಗ್ ಪಾಯಿಂಟ್ ಬೇಕು?

16 ನವೆಂಬರ್ 2025, ಭಾನುವಾರ
ಮುಲುಂಡ್ ಪೂರ್ವ, ರಾತ್ರಿ ಹನ್ನೊಂದು

ಇವತ್ತು ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗ್ ಇತ್ತು. ಹತ್ತು ಗಂಟೆಗೆ ಅಂತ ನೋಟಿಸ್ ಹಚ್ಚಿದ್ದರು, ಶುರುವಾದಾಗ ಹನ್ನೊಂದೂ ಕಾಲು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟ್ ವಿಷಯ ಅಂದಮೇಲೆ ಕೇಳಬೇಕಾ? ಯಾವತ್ತೂ ಬಾರದವರೂ ಬಂದಿದ್ದರು. ಟೆರೇಸಿನ ಮೇಲೆ ಬಾಡಿಗೆ ಕುರ್ಚಿ, ಕಟಿಂಗ್ ಚಹಾ, ಬಿಲ್ಡರ್ ಕಡೆಯವರು ಹೊತ್ತು ತಂದ ದೊಡ್ಡ ಟಿವಿ. ಅದರಲ್ಲಿ ನಮ್ಮ ಮುಂದಿನ ಮನೆಯ ವಿಡಿಯೋ.

22 ಮಹಡಿ. ಆಕಾಶ ಪೂರ್ತಿ ನೀಲಿ. ಲಾಬಿಯಲ್ಲಿ ಓಡಾಡುವವರೆಲ್ಲ ಎತ್ತರದ, ತೆಳ್ಳಗಿನ ಜನ. ಒಬ್ಬರ ಕೈಯಲ್ಲೂ ತರಕಾರಿ ಚೀಲ ಇಲ್ಲ. ಒಂದು ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತಿರಲಿಲ್ಲ. ಮುಂಬೈಯಲ್ಲಿ ಬಟ್ಟೆ ಒಣಗಹಾಕದ ಕಟ್ಟಡ! ನನಗೆ ಅಲ್ಲೇ ಅನುಮಾನ ಶುರುವಾಯ್ತು.

ವಿಡಿಯೋ ಮುಗಿದ ಮೇಲೆ ಆರ್ಕಿಟೆಕ್ಟ್ ಎಲ್ಲರಿಗೂ ಒಂದೊಂದು ಫಾರಂ ಹಂಚಿದ. ಅಡುಗೆಮನೆಗೆ ಗೋಡೆ ಬೇಕಾ, ಓಪನ್ ಇರಲಾ? ಯಾವ ರೂಮಿಗೆ ಎಷ್ಟು ಪ್ಲಗ್ ಪಾಯಿಂಟ್? ಕಾರಿಗೆ ಚಾರ್ಜಿಂಗ್ ಬೇಕಾ? ಬುಧವಾರದೊಳಗೆ ತುಂಬಿ ಕೊಡಬೇಕು. "ಇವತ್ತಿಗಲ್ಲ, ಮುಂದಿನ ಮೂವತ್ತು ನಲವತ್ತು ವರ್ಷಕ್ಕೆ ಯೋಚಿಸಿ ಬರೆಯಿರಿ" ಅಂದ. ಹುಡುಗನಿಗೆ ಮೂವತ್ತು ದಾಟಿದ ಹಾಗೆ ಕಾಣಲಿಲ್ಲ. ಒಪ್ಪಿಗೆಯ ವಿಷಯ ಮೊದಲೇ ಇತ್ಯರ್ಥ ಆಗಿದೆ. ಹಿಂದೆ ಶೇ. 75 ಸದಸ್ಯರು ಹೂಂ ಅನ್ನಬೇಕಿತ್ತು, 2019ರಿಂದ ಶೇ. 51 ಸಾಕು. ನಮ್ಮಲ್ಲಿ 16ರಲ್ಲಿ 14 ಮನೆಯವರು ಒಪ್ಪಿದ್ದಾರೆ. ಇನ್ನು ಉಳಿದದ್ದು ಈ ಫಾರಂ.

ಮಧ್ಯಾಹ್ನ ಊಟ ಆದಮೇಲೆ ಸುಮ್ನೆ ಈಗಿನ ಮನೆಯ ಪ್ಲಗ್ ಪಾಯಿಂಟ್ ಎಣಿಸಿದೆ. 1978ರ ಕಟ್ಟಡ ಇದು. ಆಗ ಇಡೀ ಮನೆಗೆ ಕೊಟ್ಟದ್ದು ಆರು. ಅಡುಗೆಮನೆಗೆ ಒಂದೇ ಒಂದು, ಅದೂ ಬಾಗಿಲ ಹಿಂದೆ. ಫ್ರಿಜ್ಜಿಗೆ ಜಾಗ ಇಲ್ಲ, ಅದಕ್ಕೇ ನಮ್ಮ ಫ್ರಿಜ್ ಹಾಲ್‌ನಲ್ಲಿದೆ. ವಾಷಿಂಗ್ ಮಷೀನಿಗೆ ನಲ್ಲಿ ಇಲ್ಲ. ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ಅದರ ಪಕ್ಕ ರುಬ್ಬುವ ಕಲ್ಲಿಗೆ ಅಂತಲೇ ಬಿಟ್ಟ ಜಾಗ. ಮೆಟ್ಟಿಲ ಬುಡದಲ್ಲಿ 16 ಟಪಾಲು ಪೆಟ್ಟಿಗೆ, ಸರಿಯಾಗಿ ಇನ್‌ಲ್ಯಾಂಡ್ ಲೆಟರ್ ಹಿಡಿಯುವ ಅಳತೆಯವು. ಈಗ ಅದರೊಳಗೆ ಬೀಳುವುದು ಕೋಚಿಂಗ್ ಕ್ಲಾಸಿನವರ ಪಾಂಪ್ಲೆಟ್ ಮಾತ್ರ. ಅಂಗಳದಲ್ಲಿ ನಾಲ್ಕು ಸ್ಕೂಟರ್ ನಿಲ್ಲುವಷ್ಟು ಜಾಗ, ಇವತ್ತು ಅಲ್ಲಿ 11 ಕಾರು. ರಾತ್ರಿ ತಡವಾಗಿ ಬಂದವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು, ಇಲ್ಲದಿದ್ದರೆ ಬೈಗುಳ.

ಆಗಿನ ಆರ್ಕಿಟೆಕ್ಟ್ ದಡ್ಡನಲ್ಲ. ತನ್ನ ಕಣ್ಣೆದುರು ಇದ್ದ ಬದುಕಿಗೆ ಅಳತೆ ತೆಗೆದು ಮನೆ ಹೊಲಿದ, ಅಷ್ಟೇ. ಒಂದು ಕಡೆ ಮಾತ್ರ ಮುಂದಿನದ್ದನ್ನು ಕಂಡಿದ್ದಾನೆ. ಹಾಲ್‌ನ ಗೋಡೆಯಲ್ಲಿ ಟೆಲಿಫೋನಿಗೆ ಅಂತ ಒಂದು ಗೂಡು ಕೊರೆಸಿದ್ದಾನೆ. ಮಾವನವರು ಫೋನಿಗೆ ಹೆಸರು ಬರೆಸಿ ಒಂಬತ್ತು ವರ್ಷ ಕಾದರಂತೆ. ಬಂತು, ಹದಿನೈದಿಪ್ಪತ್ತು ವರ್ಷ ಇತ್ತು, ಹೋಯ್ತು. ಈಗ ಆ ಗೂಡಿನಲ್ಲಿ ಗಣಪತಿ ಕೂತಿದ್ದಾನೆ. ಅವನ ಪಕ್ಕದಲ್ಲಿ ವೈಫೈ ರೂಟರ್ ಮಿಣಮಿಣ ಅನ್ನುತ್ತದೆ. ನಮ್ಮ ಮನೆಯ ನಂದಾದೀಪ ಅದೇ ಅಂತ ಇವರು ತಮಾಷೆ ಮಾಡುತ್ತಾರೆ.

ಸಂಜೆ ಪುಣೆಯಿಂದ ಮಗ ಫೋನ್ ಮಾಡಿದ. ಫಾರಂ ವಿಷಯ ಹೇಳಿದೆ.

"ಅಡುಗೆಮನೆಗೆ ಯಾಕಮ್ಮ ಅಷ್ಟು ಜಾಗ? 2055ರಲ್ಲಿ ಮನೆಯಲ್ಲಿ ಯಾರು ಅಡುಗೆ ಮಾಡ್ತಾರೆ? ಒಂದು ಕಟ್ಟೆ, ಒಂದು ಓವನ್, ಸಾಕು. ಉಳಿದದ್ದು ಹಾಲ್‌ಗೆ ಸೇರಿಸಿ."

ಸ್ಪೀಕರ್ ಹಾಕಿದ್ದೆ. ಅತ್ತೆ ಕೇಳಿಸಿಕೊಂಡರು. "ಹಾಂಗಾರೆ ನೀರ್‌ದೋಸೆ ಯಾರು ಹೊಯ್ಯೂದು?"

"ಅದೂ ಬರುತ್ತೆ ಅಜ್ಜಿ. ಈಗ್ಲೇ ಹತ್ತು ನಿಮಿಷದಲ್ಲಿ ಬರುತ್ತೆ."

"ಬತ್ತ್. ತಣಿದು ಚರ್ಮ ಆಯಿ ಬತ್ತ್."

ಈ ಅಡುಗೆಮನೆ ಮುಗಿದೇ ಹೋಯ್ತು ಅನ್ನುವ ಮಾತು ಹೊಸದೇನಲ್ಲ. 1900ರ ಡಿಸೆಂಬರಿನಲ್ಲಿ ವಾಟ್ಕಿನ್ಸ್ ಎಂಬ ಅಮೆರಿಕದವರೊಬ್ಬರು, ನೂರು ವರ್ಷದ ನಂತರ ಏನೇನಾಗುತ್ತದೆ ಅಂತ ಹೆಂಗಸರ ಪತ್ರಿಕೆಯೊಂದಕ್ಕೆ ಬರೆದಿದ್ದರು. ತಂತಿಯಿಲ್ಲದ ಫೋನ್ ಬರುತ್ತದೆ ಅಂದರು, ಬಂತು. ಫೋಟೋ ಎಷ್ಟು ದೂರಕ್ಕೆ ಬೇಕಾದರೂ ಹೋಗುತ್ತದೆ ಅಂದರು, ದಿನಾ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಹೂವಿನ ಫೋಟೋ ಬಂದು ಬೀಳುತ್ತಿದೆ. ಸೇಬಿನಷ್ಟು ದೊಡ್ಡ ಸ್ಟ್ರಾಬೆರಿ ಮಾತ್ರ ನಮ್ಮ ಮಹಾಬಳೇಶ್ವರದಲ್ಲೂ ಬೆಳೆದಿಲ್ಲ. ಸೊಳ್ಳೆ, ನೊಣ ಹೆಚ್ಚುಕಡಿಮೆ ಇಲ್ಲವಾಗುತ್ತವೆ ಅಂತಲೂ ಬರೆದಿದ್ದರು. ಇದನ್ನು ಟೈಪ್ ಮಾಡುತ್ತ ಮೊಣಕಾಲಿನ ಮೇಲೆ ಈಗಷ್ಟೇ ಒಂದನ್ನು ಬಡಿದೆ. ಮತ್ತೆ ಊಟದ ಮಾತು: ಬೇಯಿಸಿದ ಅಡುಗೆಯನ್ನೇ ಬೇಕರಿಯಂಥ ಅಂಗಡಿಯಿಂದ ತರಿಸುತ್ತಾರೆ, ಅದು ಗಾಳಿ ಕೊಳವೆಯಲ್ಲಿ ಮನೆಗೆ ಬರುತ್ತದೆ, ಎಂಜಲು ತಟ್ಟೆ ತೊಳೆಯುವುದೂ ಅಂಗಡಿಯವರೇ! ಈ ಕೊನೆಯದಕ್ಕೆ ನಾನು ಈಗಲೂ ಕಾಯುತ್ತಿದ್ದೇನೆ.

ತಮಾಷೆ ಅಂದರೆ, ಆಗಲೇ ನಮ್ಮ ಮುಂಬೈಯಲ್ಲಿ ಊಟ ಓಡಾಡುತ್ತಿತ್ತು. 1890ರಿಂದ. ಆದರೆ ದಿಕ್ಕು ಉಲ್ಟಾ. ಅಂಗಡಿಯಿಂದ ಮನೆಗಲ್ಲ, ಮನೆಯ ಒಲೆಯಿಂದ ಆಫೀಸಿಗೆ. ಕೊಳವೆ ಇಲ್ಲ, ಟೋಪಿ ಹಾಕಿದ ಡಬ್ಬಾವಾಲಾ. ಮುಂಬೈಯವರು ತಂತ್ರ ಎಲ್ಲ ಹೂಡಿದ್ದು ಹೋಟೆಲಿನ ಊಟ ತರಿಸಲಿಕ್ಕೆ ಅಲ್ಲ, ಹೆಂಡತಿಯೋ ತಾಯಿಯೋ ಮಾಡಿದ ಚಪಾತಿ ತಿನ್ನಲಿಕ್ಕೆ. ಈಗ ಡಬ್ಬಾ ಕಮ್ಮಿಯಾಗಿದೆ, ನಿಜ. ಆದರೂ ನನ್ನ ಮಗನ ಮಾತು ನಂಬಿ ಗೋಡೆ ಒಡೆಸುವ ಧೈರ್ಯ ನನಗಿಲ್ಲ. ಬಂಗುಡೆ ಕಾಯಿಸುವ ಮನೆಗೆ ಓಪನ್ ಕಿಚನ್ ಅಂದರೆ ಏನು ಅಂತ ಆ ಆರ್ಕಿಟೆಕ್ಟಿಗೆ ಹೇಗೆ ಹೇಳುವುದು?

ಹೀಗೆ ಭವಿಷ್ಯ ಹೇಳಿದ ಇನ್ನೊಬ್ಬರು ಅರ್ಥಶಾಸ್ತ್ರಜ್ಞ ಕೇನ್ಸ್. ಮೊಮ್ಮಕ್ಕಳ ಕಾಲಕ್ಕೆ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಅಂತ 1930ರಲ್ಲಿ ಹೇಳಿದ್ದರು. ನೂರು ವರ್ಷದ ಲೆಕ್ಕ, ಇನ್ನು ಐದೇ ವರ್ಷ ಬಾಕಿ. ನಾನು ಬ್ಯಾಂಕಿನವಳು. ಮುಲುಂಡಿನಿಂದ ದಕ್ಷಿಣ ಮುಂಬೈಯ ಕೋಟೆಗೆ (ಫೋರ್ಟ್ ಏರಿಯಾಕ್ಕೆ) ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ವಾರಕ್ಕೆ ಐದು ದಿನ. ಆ 15 ಗಂಟೆ ನನಗೆ ಲೋಕಲ್ ರೈಲಿನಲ್ಲೇ ಮುಗಿಯುತ್ತದೆ.

2055ರ ನವೆಂಬರ್ 16 ಯಾವ ವಾರ ಅಂತ ಮೊಬೈಲಿನಲ್ಲಿ ನೋಡಿದೆ. ಮಂಗಳವಾರ. ಅಂದು ನನಗೆ 84. ಇದ್ದರೆ! ಹದಿನಾಲ್ಕನೇ ಮಹಡಿಯಲ್ಲಿ ಬೆಳಿಗ್ಗೆ ಏಳುತ್ತೇನೆ. ಕೈಗೆ ಕಟ್ಟಿದ್ದೋ, ಚರ್ಮಕ್ಕೆ ಅಂಟಿಸಿದ್ದೋ, ಏನೋ ಒಂದು ನನ್ನ ಬಿಪಿ, ಶುಗರ್ ಎಲ್ಲ ನೋಡಿ ಮಗನಿಗೆ ಚಾಡಿ ಹೇಳಿರುತ್ತದೆ. ರಾತ್ರಿ ಕದ್ದು ತಿಂದ ಹೋಳಿಗೆಯೂ ಗುಟ್ಟಾಗಿ ಉಳಿಯುವುದಿಲ್ಲ. ಗೋರೆಗಾಂವಿನ ತಂಗಿ ಮನೆಗೆ ಹೋಗುವುದು ಆಗ ಕಷ್ಟವೇ ಅಲ್ಲ. ಈಗ ನ್ಯಾಷನಲ್ ಪಾರ್ಕಿನ ಬೆಟ್ಟದ ಕೆಳಗೆ ಸುರಂಗ ಕೊರೆದು ಗೋರೆಗಾಂವ್-ಮುಲುಂಡ್ ರಸ್ತೆ ಮಾಡುತ್ತಿದ್ದಾರಲ್ಲ, ಅದು ಆಗ ಹಳೇ ರಸ್ತೆ. ಕಾರು ತಾನೇ ಓಡುತ್ತಿರಬಹುದು. ಕುಡಿಯುವ ನೀರು ಅರ್ಧ ಸಮುದ್ರದ್ದೇ ಇರಬಹುದು. ಈಗ ಏಳು ಕೆರೆ ನಮ್ಮನ್ನು ಸಾಕುತ್ತಿವೆ, ವಿಹಾರ್, ತುಳಸಿ ಬಿಟ್ಟರೆ ಐದೂ ಊರಾಚೆಯವು. ಮನೋರಿಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಸ್ಥಾವರದ ಯೋಜನೆ ಇದೆ. ಸಮುದ್ರದ ನೀರಿನಲ್ಲಿ ಗಂಜಿ! ಅತ್ತೆಗೆ ಹೇಳಿದರೆ ಉಪ್ಪು ಉಳಿಯಿತು ಅನ್ನುತ್ತಾರೆ.

ಇದೆಲ್ಲ ಸರಿ. ಆದರೆ ಆ ಮಂಗಳವಾರ ನಾನು ಬಾತ್‌ರೂಮಿಗೆ ಹೇಗೆ ಹೋಗುತ್ತೇನೆ?

ಇದು ತಮಾಷೆಯಲ್ಲ. ಹೋದ ವರ್ಷ ಅತ್ತೆ ಬಿದ್ದು ಸೊಂಟದ ಎಲುಬು ಮುರಿದಾಗ ವೀಲ್‌ಚೇರ್ ಬಾಡಿಗೆಗೆ ತಂದೆವು. ಬಾತ್‌ರೂಮಿನ ಬಾಗಿಲು ಎರಡೇ ಅಡಿ, ಗಾಡಿ ಒಳಗೆ ಹೋಗಲಿಲ್ಲ. ಎರಡು ತಿಂಗಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಇವರು ಒಂದು ಕಡೆ, ನಾನು ಒಂದು ಕಡೆ ಎಳೆದೆವು. ಪ್ರತಿ ಸಲ ಅತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಲಿಫ್ಟ್ ಇಲ್ಲ, ಮೂರನೇ ಮಹಡಿ. ಆ ಎರಡು ತಿಂಗಳಲ್ಲಿ ಅವರು ಕೆಳಗಿಳಿದದ್ದು ಡಾಕ್ಟರ ಹತ್ತಿರ ಹೋಗಲು ಮಾತ್ರ. 2050ರ ಹೊತ್ತಿಗೆ ಈ ದೇಶದಲ್ಲಿ ಐವರಲ್ಲಿ ಒಬ್ಬರು ಅರವತ್ತು ದಾಟಿದವರಾಗಿರುತ್ತಾರೆ ಅನ್ನುವುದು ವಿಶ್ವಸಂಸ್ಥೆಯವರ ಅಂದಾಜು. ಫಾರಂನಲ್ಲಿ ವಿಡಿಯೋ ಡೋರ್‌ಫೋನ್ ಯಾವ ಬಣ್ಣದ್ದು ಬೇಕು ಅಂತ ಕೇಳಿದ್ದಾರೆ. ಬಾತ್‌ರೂಮ್ ಬಾಗಿಲು ಎಷ್ಟು ಅಗಲ ಅಂತ ಕೇಳಿಲ್ಲ. ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: ಮೂರು ಅಡಿ, ಹೊಸ್ತಿಲು ಬೇಡ.

ಬೇಸ್‌ಮೆಂಟ್ ಪಾರ್ಕಿಂಗ್ ವಿಷಯದಲ್ಲಿ ಮೀಟಿಂಗಿನಲ್ಲೇ ಜಗಳ ಆಯ್ತು. ನೆಲದ ಕೆಳಗೆ ಎರಡು ಅಂತಸ್ತು ಅಂತ ಅವರ ನಕ್ಷೆ. ನಮ್ಮ ಟೆರೇಸಿನಿಂದ ಪೂರ್ವಕ್ಕೆ ನೋಡಿದರೆ ಉಪ್ಪಿನ ಗದ್ದೆ, ಅದರಾಚೆ ಕಾಂಡ್ಲಾ ಕಾಡು, ಅದರಾಚೆ ಥಾಣೆ ಖಾಡಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ನಾನು ಹಳಿಯ ಮೇಲೆ ನಡೆದು ಬಂದವಳು. ಈ ಶತಮಾನದ ಕೊನೆಗೆ ಸಮುದ್ರ ಕಮ್ಮಿಯೆಂದರೆ ಒಂದಡಿ, ಹೊಗೆ ಇನ್ನೂ ವಿಪರೀತ ಉಗುಳಿದರೆ ಮೂರಡಿವರೆಗೂ ಏರಬಹುದು ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ ಹೇಳುತ್ತದೆ. ಕಡಲ ಕರೆಯಲ್ಲಿ ಹುಟ್ಟಿದ ನಮಗೆ ಇದಕ್ಕೆ ವರದಿ ಬೇಕಾ? ಭರತದ ಹೊತ್ತಿಗೆ ಮಳೆ ಬಂದರೆ ನೀರು ಹೋಗುವುದೆಲ್ಲಿಗೆ? "ಪಂಪ್ ಇರುತ್ತೆ ಮ್ಯಾಡಮ್" ಅಂದ ಆರ್ಕಿಟೆಕ್ಟ್. ಕರೆಂಟ್ ಹೋದರೆ ಅಂದೆ. ನಾಲ್ಕನೇ ನಂಬರಿನ ಕಾಕಾ ಮಾತ್ರ ನನ್ನ ಕಡೆ ನಿಂತರು. ಅವರಿಗೆ ಕಾರೇ ಇಲ್ಲ ಅನ್ನುವುದು ಬೇರೆ ಮಾತು.

ಮಾತಿನ ವಿಷಯ ಬರೆಯದಿದ್ದರೆ ಇವತ್ತಿನ ದಿನಚರಿ ಮುಗಿಯುವುದಿಲ್ಲ. ದೀಪಾವಳಿಗೆ ಮಗ ಬಂದಿದ್ದಾಗ ಅತ್ತೆ ಅವನ ಫೋನಿಗೆ, "ಹ್ವಾಯ್, ಗಂಟೆ ಎಷ್ಟಾಯ್ತ್?" ಅಂತ ಕೇಳಿದರು. ಅದು ಹವಾಯಿ ದ್ವೀಪದಲ್ಲಿ ಈಗ ಗಂಟೆ ಎಷ್ಟು ಅಂತ ಹೇಳಿತು. ನಗು ತಡೆಯಲಾಗಲಿಲ್ಲ. "2055ರೊಳಗೆ ಕುಂದಾಪ್ರ ಕನ್ನಡವೂ ಬರುತ್ತೆ ಬಿಡಿ" ಅಂದ ಮಗ. ಬರಬಹುದು. ಆದರೆ ಅದಕ್ಕೆ ಕಲಿಸಬೇಕಾದರೆ ಆಡುವವರು ಬೇಕಲ್ವಾ? ಮಾವನವರು ಹಗಲು ಹೋಟೆಲಿನಲ್ಲಿ ದುಡಿದು, ಕೋಟೆಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು. ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ. ಮಗ ಆಡುತ್ತಾನೆ, ಓದಲು ಬಾರದು. ಈ ಬರಹವನ್ನೂ ಫೋನಿನಿಂದ ಓದಿಸಿ ಕೇಳುತ್ತಾನೆ. ಅವನ ಮಕ್ಕಳ ಹತ್ತಿರ ನಾನು 84ನೇ ವಯಸ್ಸಿನಲ್ಲಿ ಯಾವ ಭಾಷೆಯಲ್ಲಿ ಬೈಯುತ್ತೇನೋ. ಅನುವಾದ ಮಾಡಿಸಿದ ಬೈಗುಳಕ್ಕೆ ಖಾರ ಇರುವುದಿಲ್ಲ.

ಫಾರಂ ಬಹುಪಾಲು ತುಂಬಿದೆ. ಅಡುಗೆಮನೆಗೆ ಗೋಡೆ ಬೇಕು. ಪ್ಲಗ್ ಪಾಯಿಂಟ್ ಹತ್ತು ಅಂತ ಬರೆದು, ಹೊಡೆದುಹಾಕಿ, ಹನ್ನೆರಡು ಮಾಡಿದೆ. 2055ಕ್ಕೆ ಅದೂ ಸಾಲದೋ, ಪ್ಲಗ್ಗೇ ಇರುವುದಿಲ್ಲವೋ. ಟೆರೇಸಿನಲ್ಲಿ ಹಪ್ಪಳ, ಸಂಡಿಗೆ ಒಣಗಿಸಲು ಜಾಗ ಬಿಡಬೇಕು ಅಂತಲೂ ಬರೆದೆ. ಅವರ ವಿಡಿಯೋದಲ್ಲಿ ಅಲ್ಲಿ ಯೋಗ ಮಾಡುತ್ತಿದ್ದರು.

ಪೆನ್ ಮುಚ್ಚುವಾಗ ಅತ್ತೆ ಬಂದು, ಕಲ್ಲಿನ ವಿಷಯ ಬರೆದೆಯಾ ಅಂತ ಕೇಳಿದರು. ರುಬ್ಬುವ ಕಲ್ಲು. ಊರಿನಿಂದ ಬಸ್ಸಿನ ಟಾಪ್ ಮೇಲೆ ಬಂದದ್ದು. ರುಬ್ಬದೆ ಇಪ್ಪತ್ತು ವರ್ಷವಾಯ್ತು. ಮೇಲೆ ಒಂದು ಹಲಗೆ ಹಾಕಿ ಮಿಕ್ಸಿ ಇಟ್ಟಿದ್ದೇವೆ.

"ಅದಕ್ಕೆ ಎಷ್ಟು ಜಾಗ ಬೇಕು ಅತ್ತೆ?"

"ಅಳೆದು ನೋಡು ಮಾರಾಯ್ತಿ."

ಟೇಪ್ ತಂದು ಅಳೆದೆ. ಹದಿನೆಂಟು ಇಂಚು. ಫಾರಂನ ಹಿಂದುಗಡೆ ಬರೆದಿದ್ದೇನೆ. ಅದನ್ನು ಮೂರು ಮಹಡಿ ಕೆಳಗಿಳಿಸುವವರು ಯಾರು ಅಂತ ಇವರು ಹಾಸಿಗೆಯಿಂದಲೇ ಕೇಳುತ್ತಿದ್ದಾರೆ.